ಕಟ್ಟೆ ಮನೆಯ ಮೇಲೆ ನಿಂತವನು

ನನ್ನ ಮೊದಲ ಮಂತ್ರವಾದಿ ಇಲಿ ಕಚ್ಚಿ ಸತ್ತ. ಅವನನ್ನು ಕಾಗದದ ಮೇಲೆ ಹುಟ್ಟಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಮಾರುದ್ದದ ಗಡ್ಡ, ಬೆಳ್ಳಿ ಕಟ್ಟಿನ ಕೋಲು, ದಿನಕ್ಕೆ ಒಂದೇ ಸಲ ಹೇಳಬಹುದಾದ ಒಂದೇ ಒಂದು ಮಂತ್ರ, ಇಷ್ಟು ಆಸ್ತಿ ಕೊಟ್ಟು ಸುರಂಗಕ್ಕೆ ಇಳಿಸಿದ್ದೆ. ದೊಡ್ಡ ಶತ್ರು ಯಾರಾದರೂ ಸಿಕ್ಕಾಗ ಬೇಕಾಗುತ್ತದೆಂದು ಆ ಪುಣ್ಯಾತ್ಮ ಮಂತ್ರವನ್ನು ಜೋಪಾನವಾಗಿ ಉಳಿಸಿಕೊಂಡಿದ್ದ. ಮೆಟ್ಟಿಲು ಇಳಿದ ಕೂಡಲೇ ಕತ್ತಲೆಯಿಂದ ಇಲಿಯೊಂದು ಹಾರಿ ಬಂತು. ಅಕ್ಕ ದಾಳ ಹಾಕಿದಳು, ಬಗ್ಗಿ ನೋಡಿದಳು, "ಸತ್ತ ಕಣೋ" ಎಂದಳು. ಬಸ್ಸು ಹೋಯಿತು ಕಣೋ ಎನ್ನುವ ಧಾಟಿಯಲ್ಲಿ.

"ಇಲಿ ಕಚ್ಚಿದ್ರೆ ಯಾರಾದ್ರೂ ಸಾಯ್ತಾರೇನೇ?" ಎಂದು ಕೂಗಾಡಿದೆ.

"ಪುಸ್ತಕದಲ್ಲಿ ಹಾಗಿದೆ. ಅವನಿಗಿದ್ದಿದ್ದು ಎರಡು ಜೀವ. ಇಲಿ ಎರಡನ್ನೂ ತಿಂತು. ಇನ್ನೊಬ್ಬನ್ನ ಬರ್ಕೋ ಹೋಗು."

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಹೊಳೆನರಸೀಪುರದಲ್ಲಿ ಬಿ.ಎ. ಓದುತ್ತಿದ್ದೆ. ಅಕ್ಕ ಎಂದರೆ ದೊಡ್ಡಮ್ಮನ ಮಗಳು, ಪಕ್ಕದ ಮನೆಯವಳು. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಳು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದಳು. ಅವಳ ರೂಮಿನಲ್ಲಿದ್ದ ಹುಡುಗಿಯೊಬ್ಬಳು ಗಲ್ಫಿನಲ್ಲಿ ಬೆಳೆದವಳು. ಅವಳ ಬಳಿ ಇದ್ದ ಒಂದು ವಿದೇಶಿ ಆಟದ ಪುಸ್ತಕವನ್ನು ನಮ್ಮ ಅಕ್ಕ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದಳು.

ಆಟ ಬಹಳ ಸರಳ. ಒಬ್ಬರು ಕಥೆ ಹೇಳಬೇಕು, ತೀರ್ಪೂ ಅವರದೇ. ಉಳಿದವರು ತಲೆಗೊಂದು ಪಾತ್ರವನ್ನು ಕಾಗದದಲ್ಲಿ ಬರೆದುಕೊಂಡು ಪಾಳುಕೋಟೆಯೊಂದರ ಕೆಳಗಿನ ಸುರಂಗಕ್ಕೆ ಇಳಿಯಬೇಕು. ನೀನು ಏನು ಮಾಡ್ತೀಯ ಎಂದು ಅಕ್ಕ ಕೇಳುತ್ತಾಳೆ. ಬಾಗಿಲು ತೆಗೆಯುತ್ತೇನೆ, ಓಡುತ್ತೇನೆ, ಕತ್ತಿ ಬೀಸುತ್ತೇನೆ ಎಂದು ನಾವು ಹೇಳುತ್ತೇವೆ. ಆದದ್ದೇನು ಎಂದು ದಾಳ ಹೇಳುತ್ತದೆ. ಆ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ಗಲ್ಫಿನ ಹುಡುಗಿ ಪುಸ್ತಕ ಕೊಟ್ಟಳೇ ಹೊರತು ದಾಳ ಕೊಡಲಿಲ್ಲ. ಅದಕ್ಕೆ ಅಪ್ಪನ ಕ್ಲಬ್ಬಿನ ಹಳೇ ಹೌಸಿ ಆಟದ ಡಬ್ಬಿಯಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ತೆಗೆದು ಚೀಲದಲ್ಲಿ ಹಾಕಿಕೊಂಡೆವು. ಆರು ಮುಖದ ದಾಳ ಹಾವು ಏಣಿಯದು.

ಆಡುವವರು ಮೂವರು. ನಾನು, ಅರಕಲಗೂಡಿನವನೊಬ್ಬ, ಚನ್ನರಾಯಪಟ್ಟಣದವನೊಬ್ಬ. ಮೂವರೂ ಒಂದೇ ಕ್ಲಾಸು. ಅರಕಲಗೂಡಿನವನು ಬಸ್ ಸ್ಟ್ಯಾಂಡಿನ ಹಿಂದೆ ರೂಮು ಮಾಡಿಕೊಂಡಿದ್ದ. ಬೇಸಾಯದ ಮನೆಯ ಹುಡುಗ, ದೊಡ್ಡ ಗಂಟಲು, ಇನ್ನೂ ದೊಡ್ಡ ಎದೆ. ಪಟ್ಟಣದವನು ತೆಂಗಿನಕಾಯಿ ಮಂಡಿಯವರ ಮಗ, ನಮ್ಮೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದ. ಕೊಬ್ಬರಿಯನ್ನು ಕಿವಿಯ ಹತ್ತಿರ ಅಲುಗಿಸಿ ನೋಡದೆ ಕೊಳ್ಳಬಾರದು ಎಂದು ಅವನಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದರಂತೆ. ಅವನು ಎಲ್ಲವನ್ನೂ ಅಲುಗಿಸಿ ನೋಡುತ್ತಿದ್ದ. ಹೋಟೆಲಿನಲ್ಲಿ ಕೂರುವ ಮುಂಚೆ ಕುರ್ಚಿಯನ್ನು, ಬಸ್ಸು ಹತ್ತುವ ಮುಂಚೆ ಕಂಡಕ್ಟರನ್ನು. ಬಸ್ಸು ಹಾಸನಕ್ಕೇ ಹೋಗುತ್ತದೆಯೇ ಎಂದು ಬೋರ್ಡು ನೋಡಿ, ಕಂಡಕ್ಟರನ್ನು ಕೇಳಿ, ಕಿಟಕಿಯ ಪಕ್ಕ ಕೂತ ಹೆಂಗಸನ್ನೂ ಕೇಳಿ ಹತ್ತುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಜೆರಾಕ್ಸ್ ಅಂಗಡಿಯವನು ಕೆಲವು ಹಾಳೆಗಳನ್ನು ಹಾರಿಸಿಬಿಟ್ಟಿದ್ದ. ಅದರಲ್ಲಿ ನಕ್ಷೆಯ ಗುರುತುಗಳನ್ನು ವಿವರಿಸುವ ಹಾಳೆಯೂ ಒಂದು. ಸುರಂಗದ ನಕ್ಷೆ ಚೌಕಚೌಕವಾಗಿತ್ತು. ಬಾಗಿಲು ಬಾಗಿಲಂತೆ ಕಾಣುತ್ತಿತ್ತು, ಮೆಟ್ಟಿಲು ಮೆಟ್ಟಿಲಂತೆ. ಆದರೆ ಅಲ್ಲಲ್ಲಿ ಕೆಲವು ಚೌಕಗಳಲ್ಲಿ ಮೂಲೆಯಿಂದ ಮೂಲೆಗೆ ಗೀಟೆಳೆದು ಗುಣಿಸು ಗುರುತು ಹಾಕಿತ್ತು. ಮೊದಲ ದಿನ ಆಟ ಶುರುವಾಗುವ ಮುಂಚೆ ಇದೇನಿರಬಹುದು ಎಂದು ಅಕ್ಕ ತಲೆ ಕೆರೆದುಕೊಳ್ಳುತ್ತಿದ್ದಾಗ ಅಜ್ಜಿ ಹಪ್ಪಳ ಒಣಹಾಕಲು ಮಹಡಿಗೆ ಬಂದರು. ಅಕ್ಕನ ಭುಜದ ಮೇಲಿಂದ ಬಗ್ಗಿ ನೋಡಿ, "ಏನ್ರೇ ಇದು, ಇಷ್ಟು ದೊಡ್ಡ ಚೌಕಾಬಾರ? ಕಟ್ಟೆ ಮನೆಗಳು ಎಷ್ಟೊಂದು ಹಾಕಿದೀರಿ, ಆಟ ಮುಗಿದ ಹಾಗೇ" ಎಂದು ಹೇಳಿ ಹೋದರು.

ಚೌಕಾಬಾರ ಆಡಿದವರಿಗೆ ಹೇಳಬೇಕಾಗಿಲ್ಲ. ನೆಲದ ಮೇಲೆ ಮನೆ ಬರೆಯುವಾಗ ಕೆಲವಕ್ಕೆ ಹೀಗೇ ಅಡ್ಡಗೀಟು ಹಾಕುತ್ತೇವೆ. ಅದು ಕಟ್ಟೆ. ಆ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವ ಹಾಗಿಲ್ಲ. ಹುಟ್ಟಿದಾಗಿನಿಂದ ನಮ್ಮ ಕಣ್ಣಿಗೆ ಆ ಗುರುತಿಗೆ ಅದೊಂದೇ ಅರ್ಥ. ಅಕ್ಕನಿಗೂ ಸರಿ ಎನ್ನಿಸಿತು. ಸುರಂಗದಲ್ಲಿ ಅಡ್ಡಗೀಟಿನ ಚೌಕದ ಮೇಲೆ ನಿಂತವನನ್ನು ಭೂತ, ಬೇತಾಳ, ಇಲಿ, ಹೆಗ್ಗಣ ಯಾವುದೂ ಮುಟ್ಟುವ ಹಾಗಿಲ್ಲ ಎಂದು ತೀರ್ಪು ಕೊಟ್ಟಳು. "ಇಲ್ಲೊಂದು ಕಟ್ಟೆ ಇದೆ" ಎಂದು ಅವಳು ಹೇಳಿದರೆ ನಾವು ಓಡಿ ಹೋಗಿ ನಿಲ್ಲುತ್ತಿದ್ದೆವು.

ಹಾಗೆಂದು ಸಾವು ಕಡಿಮೆಯೇನೂ ಇರಲಿಲ್ಲ. ಕಟ್ಟೆಯ ಮೇಲೆ ನಿಂತುಕೊಂಡು ನಿಧಿ ಸಿಗುತ್ತದೆಯೇ? ಇಳಿದರೆ ಸಾವು. ಆ ಹಳೇ ಆಟ ಇದ್ದದ್ದೇ ಹಾಗೆ. ವಿಷದ ಹುಳು ಕಚ್ಚಿತೋ, ಚೀಲದಿಂದ ಒಂದು ಬಿಲ್ಲೆ ತೆಗೆ, ಸಾಲದ ಸಂಖ್ಯೆ ಬಂದರೆ ಸತ್ತೆ. ಪೆಟ್ಟಿಗೆ ತೆಗೆದರೆ ಸೂಜಿ ಚುಚ್ಚಿ ಸತ್ತೆ. ಚಾವಣಿಯಿಂದ ಲೋಳೆಯಂಥದ್ದು ಬಿದ್ದು ಸತ್ತೆ. ನನ್ನ ಮಂತ್ರವಾದಿಗಳಲ್ಲಿ ಎರಡನೇ ಭಾನುವಾರ ಕಂಡವರೇ ಅಪರೂಪ. ಅರಕಲಗೂಡಿನವನು ಯೋಧರನ್ನೇ ಹುಟ್ಟಿಸುತ್ತಿದ್ದ. ಎಲ್ಲರಿಗೂ ಒಂದೇ ಹೆಸರು, ಅರಸರ ಹಾಗೆ ಒಂದನೆಯ, ಎರಡನೆಯ, ಮೂರನೆಯ ಎಂದು ಲೆಕ್ಕ. "ನುಗ್ಗು ಅಂದ್ರೆ ನುಗ್ಬೇಕು ಕಣ್ಲಾ, ಸತ್ರೆ ಅವ್ನ ತಮ್ಮ ಬತ್ತಾನೆ" ಎಂದು ನುಗ್ಗುತ್ತಿದ್ದ. ತಮ್ಮಂದಿರು ಸಾಲುಸಾಲಾಗಿ ಬರುತ್ತಿದ್ದರು.

ಯಾರ ಪಾತ್ರ ಸಾಯುತ್ತದೋ ಅವರು ಎಲ್ಲರಿಗೂ ವಡೆ ಕೊಡಿಸಬೇಕು ಎಂದು ಅಕ್ಕ ನಿಯಮ ಮಾಡಿದ್ದಳು. ತಿಥಿ ವಡೆ. ಅಜ್ಜಿಗೆ ಕೇಳಿಸದ ಹಾಗೆ ಹೇಳುತ್ತಿದ್ದೆವು, ಕೇಳಿಸಿದ್ದರೆ ಬೆನ್ನು ಮುರಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ನಾನು ಅಥವಾ ಅರಕಲಗೂಡಿನವನು ಪೊಟ್ಟಣ ಹಿಡಿದು ಬರುತ್ತಿದ್ದೆವು. ಪಟ್ಟಣದವನು ಒಂದು ಸಲವೂ ತರಲಿಲ್ಲ. "ನಮ್ಮೋರಲ್ಲಿ ತಿಥಿ ಗಿಥಿ ಇಲ್ಲ ಕಣ್ರಪ್ಪ, ಅದ್ಕೇ ನನ್ನೋನು ಸಾಯಾಕಿಲ್ಲ" ಎಂದು ನಮ್ಮ ಸತ್ತವರ ವಡೆಯನ್ನು ಚಟ್ನಿಯಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ.

ಅವನ ಪಾತ್ರ ನಿಜಕ್ಕೂ ಸಾಯಲಿಲ್ಲ. ಮೊದಲ ದಿನ ಬರೆದ ಹಾಳೆಯನ್ನೇ ಕೊನೆಯ ದಿನದವರೆಗೂ ಇಟ್ಟುಕೊಂಡಿದ್ದ. ಪಾತ್ರಕ್ಕೆ ಕತ್ತಿ ಇತ್ತು, ಎಂದೂ ಬೀಸಲಿಲ್ಲ. ಕೈಯಲ್ಲಿ ಲಾಟೀನು. ದೀಪ ಹಿಡಿದವನು ಸತ್ತರೆ ಎಲ್ಲರೂ ಕತ್ತಲೆಯಲ್ಲಿ ಸಾಯುತ್ತೇವೆ ಎಂದು ಮೊದಲೇ ವಾದ ಹೂಡಿ, ಕಟ್ಟೆಯಿಂದ ಕಟ್ಟೆಗೆ ನೆಗೆದುಕೊಂಡು ಬಂದು, ಅಲ್ಲಿಂದಲೇ ದೀಪ ಎತ್ತಿ ತೋರಿಸುತ್ತಿದ್ದ. "ಎಡಗಡೆ ಅವ್ನೆ ನೋಡು, ಹೊಡಿ" ಎಂದು ಸಲಹೆ ಬೇರೆ. ಹೊಡೆಯಲು ಹೋದ ನಾವು ಸಾಯುತ್ತಿದ್ದೆವು. ನಿಧಿ ಹಂಚುವಾಗ ಉಳಿದಿರುತ್ತಿದ್ದವನು ಅವನೊಬ್ಬನೇ. ಅಳಿದೂರಿಗೆ ಉಳಿದವನೇ ಗೌಡ. ಡಿಗ್ರಿ ಮುಗಿಯುವ ಹೊತ್ತಿಗೆ ಅವನ ದೀಪಧಾರಿ ನಮ್ಮ ಸುರಂಗದ ಅತಿ ಶ್ರೀಮಂತ, ಅತಿ ಪ್ರತಿಷ್ಠಿತ ವ್ಯಕ್ತಿಯಾಗಿದ್ದ.

ನಾನು ಎಗರಾಡಿದರೆ ಅವನು ನಗುತ್ತಿದ್ದ. "ನಿಂಗೆ ನಿಲ್ಲಾಕೆ ಬರಾಕಿಲ್ಲ ಕಣೋ. ಕಟ್ಟೆ ಎಲ್ಲೈತೆ ಅಂತ ನೋಡ್ಕಂಡು ಕಾಲಿಡ್ಬೇಕು."

ಆಮೇಲೆ ಎಲ್ಲರ ಹಾಗೆ ನಾವೂ ಚದುರಿದೆವು. ಅಕ್ಕನಿಗೆ ಹಾಸನದಲ್ಲೇ ಸರ್ಕಾರಿ ಇಂಜಿನಿಯರ್ ಕೆಲಸ, ಅಲ್ಲೇ ಗಂಡ, ಮನೆ. ನನಗೂ ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮೊದಲು ನೋಡಿದ ಹುಡುಗಿಯನ್ನೇ ಒಪ್ಪಿ ಮದುವೆಯಾದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೆಂಡತಿ ಈಗಲೂ ಹೇಳುತ್ತಾಳೆ, ನನ್ನ ಪುಣ್ಯ ಎಂದು ನಾನು ಹೇಳುತ್ತೇನೆ. ಅರಕಲಗೂಡಿನವನು ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟ. ಪಟ್ಟಣದವನು ಅಪ್ಪನ ಮಂಡಿಯಲ್ಲಿ ಕೂತ.

ಎರಡು ಸಾವಿರದ ಎಂಟರ ಸುಮಾರಿಗೆ ಅಕ್ಕನೇ ಎಲ್ಲರಿಗೂ ಫೋನ್ ಮಾಡಿದಳು. ಅದೇ ಆಟದ ಹೊಸ ಅವತಾರ ಬಂದಿದೆ, ಪುಸ್ತಕ ತರಿಸಿದ್ದೇನೆ, ನಿಜವಾದ ದಾಳಗಳೂ ಇವೆ, ತಿಂಗಳಿಗೊಂದು ಭಾನುವಾರ ಬನ್ನಿ ಎಂದಳು. ಮೂವತ್ತೈದರ ಹತ್ತಿರ ಬಂದ ಗಂಡಸರು ನಾವು. ಆದರೂ ಮೊದಲ ಭಾನುವಾರ ಮೂವರೂ ಹೇಳಿದ್ದಕ್ಕಿಂತ ಮುಂಚೆಯೇ ಅವಳ ಮನೆ ಬಾಗಿಲಲ್ಲಿ ನಿಂತಿದ್ದೆವು.

ಹೊಸ ಆಟ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಒಂದು ಪಾತ್ರ ಬರೆಯಲು ಇಡೀ ಮಧ್ಯಾಹ್ನ ಬೇಕು. ಅವನ ಊರು ಯಾವುದು, ಬಾಲ್ಯದಲ್ಲಿ ಏನು ದುಃಖ, ಮುಂದೆ ಏನಾಗುವ ಕನಸು, ಎಲ್ಲ ಹೇಳಬೇಕು. ನನ್ನ ಹೊಸ ಮಂತ್ರವಾದಿಯ ಮಂತ್ರ ಮುಗಿಯುವುದೇ ಇಲ್ಲ, ಬೇಕಾದಷ್ಟು ಸಲ ಹಾರಿಸಬಹುದು. ಇಲಿ ಕಚ್ಚಿದರೆ ತುರಿಸಿಕೊಂಡು ಮುಂದೆ ಹೋಗಬಹುದು. ಪೆಟ್ಟು ತಿಂದು ಕೆಳಗೆ ಬಿದ್ದನೆಂದರೂ ಸತ್ತ ಎಂದಲ್ಲ. ದಾಳ ಹಾಕುತ್ತಾ ಹೋಗಬೇಕು, ಮೂರು ಸಲ ಕೆಟ್ಟದ್ದು ಬಿದ್ದರೆ ಮಾತ್ರ ಪ್ರಾಣ ಹೋಗುತ್ತದೆ. ಅಷ್ಟರಲ್ಲಿ ಪಕ್ಕದವನು ಬಂದು ಎಬ್ಬಿಸಿ ಕೂರಿಸಿರುತ್ತಾನೆ.

"ಸಾಯೋಕೇ ಬರದವನು ಧೈರ್ಯವಂತ ಹೇಗಾಗ್ತಾನೇ?" ಎಂದೆ. "ನಮ್ಮ ಕಾಲದಲ್ಲಿ ಒಂದು ಬಾಗಿಲು ತೆಗೀಬೇಕಾದ್ರೆ ಕೈ ಬೆವರ್ತಿತ್ತು. ಇದರಲ್ಲಿ ಬಾಗಿಲು ಒದ್ದು ಒಳಗೆ ಹೋಗಿ ಕಾಫಿ ಕೇಳಬಹುದು."

"ನಿಮ್ಮ ಕಾಲದಲ್ಲಿ ಸತ್ತೋರ ಪೈಕಿ ಒಬ್ಬನ ಹೆಸರು ಹೇಳು ನೋಡೋಣ" ಎಂದಳು ಅಕ್ಕ. ನನಗೆ ಒಂದೂ ನೆನಪಾಗಲಿಲ್ಲ. "ನೋಡು. ಅವತ್ತು ನೀನು ಯಾರನ್ನೂ ಕಳ್ಕೊಳ್ಳಲಿಲ್ಲ ಕಣೋ, ಹಾಳೆ ಬದಲಾಯಿಸ್ದೆ ಅಷ್ಟೆ. ಈಗ ಒಂದು ಪಾತ್ರ ಸತ್ತು ನೋಡ್ಲಿ, ಊಟ ಸೇರಲ್ಲ ನಿಂಗೆ."

ಅವಳ ಮಾತಿನಲ್ಲೂ ಹುರುಳಿತ್ತು, ಅದು ಇನ್ನೂ ಸಿಟ್ಟು ತರಿಸಿತು. ಅರಕಲಗೂಡಿನವನು ಎರಡಕ್ಕೂ ತಯಾರು. "ಅಂಗಾದ್ರೂ ಸರಿ, ಇಂಗಾದ್ರೂ ಸರಿ, ನುಗ್ಗಾಕೆ ಬುಟ್ರೆ ಸಾಕು" ಎಂದ. ಪಟ್ಟಣದವನು ಮಾತ್ರ ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಹಳೇ ಹಾಳೆ ತೆಗೆದು ಮೇಜಿನ ಮೇಲಿಟ್ಟ. ದೀಪಧಾರಿ! "ನಂಗೆ ಹೊಸಬ ಬ್ಯಾಡ ಅಕ್ಕ, ಇವ್ನನ್ನೇ ಹೊಸ ಲೆಕ್ಕಕ್ಕೆ ತಿದ್ಕೊಡಿ" ಎಂದು ಕೇಳಿದ. ಅಕ್ಕ ತಿದ್ದಿಕೊಟ್ಟಳು. ಸಾವೇ ಇಲ್ಲದಂಥ ಆಟದಲ್ಲೂ ಅವನು ಲಾಟೀನು ಹಿಡಿದು ಹಿಂದೆಯೇ ನಿಂತ.

ಆಟ ಹಾಳಾಗಲಿ, ಮದುವೆಯ ವಿಷಯದಲ್ಲೂ ಅವನು ಹಿಂದೆಯೇ ನಿಂತಿದ್ದ. ಅದೇ ನಮಗೆಲ್ಲ ಚಿಂತೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎನ್ನುತ್ತಾರಲ್ಲ, ಇವನ ಹುಚ್ಚು ಅಲುಗಿಸಿ ನೋಡುವುದು. ಎಷ್ಟು ಕಡೆ ಹೆಣ್ಣು ನೋಡಿ ಉಪ್ಪಿಟ್ಟು ಕೇಸರಿಬಾತು ತಿಂದು "ಹೇಳಿ ಕಳಿಸ್ತೀವಿ" ಎಂದು ಬಂದಿದ್ದನೋ, ಯಾರಿಗೂ ಹೇಳಿ ಕಳಿಸಿರಲಿಲ್ಲ. ಆ ವರ್ಷ ನುಗ್ಗೇಹಳ್ಳಿಯಲ್ಲಿ ಒಬ್ಬ ಹೈಸ್ಕೂಲ್ ಟೀಚರನ್ನು ನೋಡಿ ಬಂದಿದ್ದ. ಅವರದೇ ಪೈಕಿ, ಅಪ್ಪ ಇಲ್ಲ, ತಾಯಿಯ ಜೊತೆ ಇದ್ದಾಳೆ, ವಿಜ್ಞಾನ ಪಾಠ ಮಾಡುತ್ತಾಳೆ. ಹಿಂದೊಮ್ಮೆ ಅವಳಿಗೆ ನಿಶ್ಚಯವಾಗಿ ಮುರಿದಿತ್ತು. ತಪ್ಪು ಗಂಡಿನವರದೆಂದು ಎಲ್ಲರಿಗೂ ಗೊತ್ತು.

ಈ ಸಲ ವಿಚಿತ್ರವೆಂದರೆ, ಅವಳು ಅವನಿಗೆ ಇಷ್ಟವಾಗಿದ್ದಳು. ಕಾಯಿ ವ್ಯಾಪಾರಕ್ಕೆಂದು ನುಗ್ಗೇಹಳ್ಳಿಗೆ ಹೋದಾಗಲೆಲ್ಲ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಬಸ್ ನಿಲ್ದಾಣದ ಹತ್ತಿರ ಇರುತ್ತಿದ್ದ. ಮಾತಾಡುತ್ತಿದ್ದರು. ಅವಳ ಬಗ್ಗೆ ಹೇಳುವಾಗ ಇವನ ಕಿವಿ ಕೆಂಪಾಗುತ್ತಿತ್ತು. "ಮತ್ತೆ ಹೂಂ ಅನ್ನೋದಕ್ಕೇನು ದಾಡಿ?" ಎಂದು ನಾನು ಬೈದರೆ, "ಒಂದ್ಸಲ ಮುರಿದೈತಲ್ಲ, ಯಾಕೆ ಅಂತ ಸರ್ಯಾಗಿ ತಿಳ್ಕಳನ" ಎನ್ನುತ್ತಿದ್ದ. ಅಪ್ಪನನ್ನು ಕೇಳಿದ್ದ. ಅವರು ಬೇಡ ಎಂದಿದ್ದರೆ ಬಿಡುತ್ತಿದ್ದ, ಮಾಡಿಕೋ ಎಂದಿದ್ದರೆ ಮಾಡಿಕೊಳ್ಳುತ್ತಿದ್ದ. ಅವರು ಪಾಪ, "ನಿನ್ನಿಷ್ಟ ಕಣಪ್ಪ" ಎಂದುಬಿಟ್ಟಿದ್ದರು. ಅಲ್ಲಿಗೆ ಇವನ ಕೈಕಾಲು ಆಡದಂತಾಯಿತು.

ತಿಂಗಳುಗಳು ಕಳೆದ ಮೇಲೆ ಅವಳೇ ಒಂದು ದಿನ ಬಸ್ ನಿಲ್ದಾಣದಲ್ಲಿ ನೇರವಾಗಿ ಹೇಳಿದಳಂತೆ. ತಿಪಟೂರು ಕಡೆಯಿಂದ ಕೇಳುತ್ತಿದ್ದಾರೆ, ಅಮ್ಮನಿಗೆ ಒಪ್ಪಿಗೆ, ಈ ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ನನ್ನನ್ನು ದೂರಬೇಡಿ. ಅವನು ಇದನ್ನು ಫೋನಿನಲ್ಲಿ ಹೇಳಿ, "ಏನ್ಮಾಡನ?" ಎಂದು ಕೇಳಿದ. ಹೋಗಿ ಹೇಳು ಎಂದೆ. "ನೋಡನ, ಕಟ್ಟೆ ಬುಟ್ಟು ಇಳಿಯೋದು ಸುಲ್ಬ, ಇಳಿದ್ಮೇಲೆ ಏನು ಅಂತ" ಎಂದ. ಫೋನ್ ಕುಕ್ಕಿದೆ.

ಆ ತಿಂಗಳ ಕೊನೆಯ ಭಾನುವಾರವೇ ನಮ್ಮ ಆಟ. ಹಿಂದಿನ ದಿನ ಅಕ್ಕ ನನ್ನನ್ನೂ ಅರಕಲಗೂಡಿನವನನ್ನೂ ಮನೆಗೆ ಕರೆಸಿದಳು. ಅವಳ ಮುಖ ಒಂಥರಾ ಇತ್ತು. ಹೊಸ ಪುಸ್ತಕದಿಂದ ನಮಗೆ ಒಂದು ನಕ್ಷೆ ಬರೆಯುತ್ತಿದ್ದಳಂತೆ. ಈ ಸಲ ಗುರುತುಗಳ ಹಾಳೆ ಪೂರ್ತಿಯಾಗಿತ್ತು. ಚೌಕದೊಳಗೆ ಗುಣಿಸು ಗುರುತು ಎಂದರೆ ಮುಚ್ಚಿದ ಗುಂಡಿ. ಅನುಮಾನ ಬಂದು ಇಂಟರ್‌ನೆಟ್ಟಿನಲ್ಲಿ ಹಳೇ ಆಟದ್ದನ್ನೂ ಹುಡುಕಿ ನೋಡಿದಳು. ಅದರಲ್ಲೂ ಅದೇ. ಮೇಲೆ ಕಾಲಿಟ್ಟಾಗ ಆರು ಮುಖದ ದಾಳದಲ್ಲಿ ಒಂದೋ ಎರಡೋ ಬಿದ್ದರೆ ನೆಲ ಬಾಯಿ ತೆರೆಯುತ್ತದೆ. ತಳದಲ್ಲಿ ಚೂಪು ಗೂಟಗಳು.

ನಾನೂ ಅರಕಲಗೂಡಿನವನೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆ ಮಹಾನುಭಾವ ಇಡೀ ಸುರಂಗದಲ್ಲಿ ಹುಡುಕಿ ಹುಡುಕಿ ನಿಂತದ್ದು ಗುಂಡಿಗಳ ಮೇಲೆ!

ಅಕ್ಕ ನಗಲಿಲ್ಲ. "ನಾಳೆ ಅವನಿಗೆ ಹೇಳ್ಬೇಕೋ ಬೇಡ್ವೋ ಹೇಳಿ" ಎಂದಳು.

ಹೇಳಲೇಬೇಕು ಎಂದು ನಾನು ಹಾರಿದೆ. ಅವನ ತಲೆಯಿಂದ ಆ ಕಟ್ಟೆ ಎನ್ನುವುದು ತೊಲಗಲಿ ಎಂದೆ. ಆಶ್ಚರ್ಯವೆಂದರೆ ಎಲ್ಲಕ್ಕೂ ನುಗ್ಗುವ ಅರಕಲಗೂಡಿನವನು ಬೇಡ ಎಂದ. "ಬ್ಯಾಡ ಕಣಕ್ಕ. ಅವ್ನಿಗಿರೋದು ಅದೊಂದು ನಂಬ್ಕೆ. ಎಲ್ಲಾರ್ಗಿಂತ ನಾನು ಉಸಾರು ಅಂತ. ಅದ್ನೂ ಕಿತ್ಕಂಡ್ರೆ ಆ ಉಡ್ಗಿ ಇರ್ಲಿ, ಮನೆಯಿಂದ ಆಚಿಗೇ ಕಾಲಿಡಾಕಿಲ್ಲ ಅವ್ನು." ಅವನು ಹೇಳಿದ್ದು ಸುಳ್ಳೆನ್ನಲು ನನಗೆ ಧೈರ್ಯ ಬರಲಿಲ್ಲ. ಪಟ್ಟಣದವನು ಇನ್ನಷ್ಟು ಮುದುಡಿಕೊಂಡರೆ ನುಗ್ಗೇಹಳ್ಳಿಯ ಮಾತು ಅಲ್ಲಿಗೇ ಮುಗಿಯಿತು. ಕೊನೆಗೆ ಅಕ್ಕನೇ, "ತೀರ್ಪು ಕೊಟ್ಟಿದ್ದು ನಾನು. ನಾನೇ ಹೇಳ್ತೀನಿ" ಎಂದು ಎದ್ದಳು.

ಭಾನುವಾರ ಬೆಳಿಗ್ಗೆ ಪಟ್ಟಣದವನು ಬಂದ. ಇಡ್ಲಿ ತಿಂದೆವು. ಅಕ್ಕ ಹಳೇ ಜೆರಾಕ್ಸ್ ನಕ್ಷೆಯನ್ನೂ ಹೊಸ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಬಳಸದೆ ಸುತ್ತದೆ ವಿಷಯ ಹೇಳಿದಳು. ಅವನು ಪುಸ್ತಕ ನೋಡಿದ, ನಕ್ಷೆ ನೋಡಿದ, ಮತ್ತೆ ಪುಸ್ತಕ ನೋಡಿದ. ಕಿವಿಯ ಹತ್ತಿರ ಹಿಡಿದು ಅಲುಗಿಸುವುದೊಂದು ಬಾಕಿ.

"ಎಲ್ಲಾ ಕಟ್ಟೇನೂನಾ ಅಕ್ಕ?"

"ಎಲ್ಲಾ."

ಅರಕಲಗೂಡಿನವನು ಚಾವಣಿ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಯಾವ ಇಲಿಗೂ ಯಾವ ಭೂತಕ್ಕೂ ನಾನು ಅಷ್ಟು ಹೆದರಿರಲಿಲ್ಲ.

"ದಾಳ ಕೊಡಿ" ಎಂದ ಅವನು. "ನಾನು ಮೊದ್ಲು ನಿಂತ ಕಟ್ಟೆ ಯಾವ್ದು?"

ಅಕ್ಕ ತೋರಿಸಿದಳು. ಮೆಟ್ಟಿಲು ಇಳಿದ ಕೂಡಲೇ ಇದ್ದದ್ದು. ನನ್ನ ಮೊದಲ ಮಂತ್ರವಾದಿಗೆ ಇಲಿ ಕಚ್ಚುವಾಗ ಅವನ ದೀಪಧಾರಿ ಅಲ್ಲೇ ನಿಂತು ದೀಪ ಹಿಡಿದಿದ್ದ. ಅವನು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದು ಆಮೇಲೆ ಹಾಕಿದ. ಎರಡು ಬಿತ್ತು.

ಅಕ್ಕ ಮೆಲ್ಲಗೆ, "ಹೊಸ ಲೆಕ್ಕದಲ್ಲಿ ಉಳಿಸ್ಕೋಬಹುದು ಕಣೋ. ಇನ್ನೂ ದಾಳ ಹಾಕಬಹುದು" ಎಂದಳು. ಎಂದೂ ಯಾರಿಗೂ ವಿನಾಯಿತಿ ಕೊಡದವಳು ಅವಳು.

"ಬ್ಯಾಡಿ ಅಕ್ಕ. ಹಳೇ ಲೆಕ್ಕದಲ್ಲಿ ಸತ್ತವ್ನೆ. ಸತ್ತ ಅಂತ್ಲೇ ಇರ್ಲಿ." ನಕ್ಷೆಯ ಮೇಲ್ಗಡೆಯಿಂದ ಬೆರಳಿಟ್ಟುಕೊಂಡು ಒಂದೊಂದೇ ಅಡ್ಡಗೀಟನ್ನು ಮುಟ್ಟುತ್ತಾ ಹೋದ. "ಇಲ್ಲಿ ನಿಂತಿದ್ದೆ. ಇಲ್ಲೂವೆ. ಇಲ್ಲಿ ನಿಂತ್ಕಂಡು ಇವ್ನಿಗೆ ಬುದ್ಧಿ ಹೇಳಿದ್ದೆ." ಅರಕಲಗೂಡಿನವನ ಕಡೆ ನೋಡಿದ. "ಮೊದಲ್ನೇ ದಿನಾನೇ ಸತ್ತೋಗಿದ್ನಲ್ಲೋ ನಾನು."

"ಊಂ ಕಣ್ಲಾ. ಆದ್ರೂ ವಡೆ ಮಾತ್ರ ಸಂದಾಕ್ ತಿಂದೆ" ಎಂದ ಅರಕಲಗೂಡಿನವನು, ತಡೆಯಲಾರದೆ.

ಪಟ್ಟಣದವನು ನಕ್ಕ. ಮೊದಲು ಸಣ್ಣಗೆ, ಆಮೇಲೆ ಮೇಜು ಹಿಡಿದುಕೊಂಡು. ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು, ತನ್ನಷ್ಟಕ್ಕೆ ಎಂಬಂತೆ, "ಇಷ್ಟು ವರ್ಸ ಗುಂಡಿ ಮೇಲೇ ನಿಂತಿದ್ದೆ, ಒಂದಿನಾನೂ ಗೊತ್ತಾಗ್ಲಿಲ್ಲ" ಎಂದ. ಇದ್ದಕ್ಕಿದ್ದಂತೆ ಗಡಿಯಾರ ನೋಡಿದ. "ಇವತ್ತು ಭಾನ್ವಾರ ಅಲ್ವಾ? ಹಂಗಾದ್ರೆ ಮನೇಲೇ ಇರ್ತಾರೆ."

ನುಗ್ಗೇಹಳ್ಳಿಗೆ ಅವನ ಜೊತೆ ನಾನೂ ಹೊರಟೆ, ನಂಬುವುದು ಹೇಗೆ? ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೇ ಶುರುವಾಯಿತು. ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಬರೋಣ ಎಂದ. ಅಂಗಿ ಚೆನ್ನಾಗೇ ಇದೆ ಎಂದೆ. ಹಿರಿಯರಿಲ್ಲದೆ ಹೋದರೆ ತಪ್ಪು ತಿಳಿಯುತ್ತಾರೇನೋ ಎಂದ. ನಾನೇ ಹಿರಿಯ, ನಡಿ ಎಂದೆ. ನುಗ್ಗೇಹಳ್ಳಿ ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನೆ ಹತ್ತಿದ.

ಅವಳು ಮನೆಯ ಮುಂದಿನ ಜಗಲಿಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು ತಿದ್ದುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು, ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಳಗೆ ಬನ್ನಿ ಎನ್ನಲಿಲ್ಲ. ಇವನು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು, "ನಂಗೆ ಒಪ್ಗೆ" ಎಂದ. ಅಷ್ಟೇ. ದಾರಿಯುದ್ದಕ್ಕೂ ನಾನು ಹೇಳಿಕೊಟ್ಟ ಮಾತೆಲ್ಲ ನೀರಿನಲ್ಲಿ ಹೋಮ.

ಅವಳು ಶುರು ಮಾಡಿದಳು. ಎಷ್ಟು ತಿಂಗಳಾಯಿತು, ಬಸ್ ನಿಲ್ದಾಣದಲ್ಲಿ ಊರೆಲ್ಲ ನೋಡುವ ಹಾಗೆ ಮಾತಾಡಿಸಿಕೊಂಡು ಹೋಗುತ್ತೀರಿ, ಮನೆಗೆ ಮಾತ್ರ ಒಂದು ಮಾತಿಲ್ಲ, ನನ್ನನ್ನೇನು ಸಂತೆಯಲ್ಲಿ ಇಟ್ಟ ಕಾಯಿ ಅಂತ ತಿಳಿದಿದ್ದೀರಾ, ನಿನ್ನೆ ತಾನೇ ಅಮ್ಮ ತಿಪಟೂರಿನವರಿಗೆ ಬರಹೇಳೋಣವೇ ಎಂದು ಕೇಳಿದರು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಬೇರೆ ದಿನವಾಗಿದ್ದರೆ ನಮ್ಮವನು ಎರಡನೇ ವಾಕ್ಯಕ್ಕೇ ಬಸ್ ನಿಲ್ದಾಣದಲ್ಲಿರುತ್ತಿದ್ದ. ಅವತ್ತು ಬಿಸಿಲಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ. ನೆರಳು ಎರಡೇ ಹೆಜ್ಜೆ ಆಚೆಗಿತ್ತು, ಅಲ್ಲಿಗೂ ಸರಿಯಲಿಲ್ಲ. ನನಗೆ ಅವನ ಮೇಲೆ ಆ ಕ್ಷಣ ಉಕ್ಕಿದ ಪ್ರೀತಿಯನ್ನು ಏನೆಂದು ಹೇಳಲಿ.

ಅವಳು ಮುಗಿಸಿ, ಉಸಿರು ಬಿಟ್ಟು, "ಸರಿ. ನಾನೂ ಯೋಚ್ನೆ ಮಾಡ್ಬೇಕು. ಹೇಳಿ ಕಳಿಸ್ತೀನಿ" ಎಂದಳು. ತಾಯಿ ಒಳಗಿನಿಂದ ಕಾಫಿ ತಂದರು. ಕುಡಿದು ಬಂದೆವು.

ಅವಳು ಹೇಳಿ ಕಳಿಸುವವರೆಗಿನ ದಿನಗಳಲ್ಲಿ ನನ್ನ ಫೋನಿಗೆ ಬಿಡುವಿರಲಿಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, "ಏನಂತಾಳೆ ಅನ್ಸುತ್ತೆ ನಿಂಗೆ?" ಎಂದು. ಹೋದದ್ದು ತಪ್ಪಾಯಿತೇನೋ ಎಂದು ಮಾತ್ರ ಅವನು ಒಮ್ಮೆಯೂ ಹೇಳಲಿಲ್ಲ. ತಿಪಟೂರಿನವರಿಗೆ ಬರಬೇಡಿ ಎಂದು ಹೇಳಿದ ಮೇಲೆ ಅವಳು ಇವನಿಗೆ ಹೂಂ ಎಂದಳು, ಅದೂ ತಾನೇ ಮಂಡಿಗೆ ಫೋನ್ ಮಾಡಿ. ಅವನಪ್ಪ ಫೋನ್ ತೆಗೆದುಕೊಂಡು, ತೆಂಗಿನಕಾಯಿ ವಿಚಾರ ಎಂದು ತಿಳಿದು ಆ ದಿನದ ಧಾರಣೆ ಹೇಳಿದರಂತೆ.

ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ. ಅಕ್ಕ ರೇಷ್ಮೆ ಸೀರೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅರಕಲಗೂಡಿನವನು ಬಡಿಸುವವರಿಗೆ ಯಾರೂ ಕೇಳದಿದ್ದರೂ ಹುಕುಂ ಮಾಡುತ್ತಿದ್ದ. ಮುಹೂರ್ತಕ್ಕೆ ಮುಂಚೆ ವರನ ಕೋಣೆಗೆ ಹೋದೆ. ಅವನು ಪೇಟ ಕಟ್ಟಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಏನೋ, ಹೆದರಿಕೆ ಆಗ್ತಿದೆಯಾ?" ಎಂದೆ. ಧೈರ್ಯ ಹೇಳಲು ನಾಲ್ಕು ಮಾತು ತಯಾರು ಮಾಡಿಕೊಂಡೇ ಹೋಗಿದ್ದೆ.

"ಬಾಳ ಆಗ್ತೈತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡ. ಪೇಟದ ಕೆಳಗೆ ಅವನ ಮುಖ ಸಂತೋಷದಿಂದ ಹಿಗ್ಗಿತ್ತು.

"ನಿನ್ನೆ ಅವ್ಳು ಫೋನ್ ಮಾಡಿದ್ಲು ಕಣೋ" ಎಂದು ಪಿಸುಗುಟ್ಟಿದ. "ಅವ್ಳಿಗೂ ಎದ್ರಿಕೆಯಂತೆ."